‘ಬಿಡಲು ಕಾರಣ’ ಎಂಬ ಒಂದು ಸಾಲು

ಐದು ತಿಂಗಳಲ್ಲಿ ನಾನು ಏಳು ಅರ್ಜಿ ತುಂಬಿದೆ. ಏಳರಲ್ಲೂ ಒಂದು ಸಾಲು ತಪ್ಪದೆ ಇತ್ತು: ‘ಕಾಲೇಜು ಬದಲಿಸಲು ಕಾರಣ’. ಅದರ ಮುಂದೆ ಅರ್ಧ ಗೇಣಿನಷ್ಟು ಜಾಗ. ನನ್ನ ನಿಜವಾದ ಕಾರಣ ಆ ಅರ್ಧ ಗೇಣಿನಲ್ಲಿ ಸಲೀಸಾಗಿ ಹಿಡಿಯುತ್ತಿತ್ತು. ಆದರೆ ಬರೆಯಲು ನಾಚಿಕೆಯಾಯಿತು. ಒಂದರಲ್ಲಿ ‘ಕೌಟುಂಬಿಕ’ ಎಂದೆ, ಇನ್ನೊಂದರಲ್ಲಿ ‘ಆರ್ಥಿಕ’ ಎಂದೆ, ಮತ್ತೊಂದರಲ್ಲಿ ‘ಮನೆಗೆ ಹತ್ತಿರ’ ಎಂದೆ. ಈ ಜಾಣತನಕ್ಕೆ ಮುಂದೆ ಹನ್ನೊಂದು ದಿನ ದಂಡ ತೆತ್ತೆ. ಆ ಕಥೆ ಆಮೇಲೆ.

ಕಳೆದ ವಾರ ಕೊನೆಯ ಕಾಗದ ಕೈಗೆ ಬಂತು. ಎಲ್ಲವೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಪದವಿಯ ನಡುವೆ ಕಾಲೇಜು ಬಿಡುವವರು ನಮ್ಮ ಕಡೆ ಇದ್ದಾರೆ. ಮದುವೆಯಾಗಿ ಬಿಡುತ್ತಾರೆ, ಕೆಲಸಕ್ಕೆ ಹೋಗಿ ಬಿಡುತ್ತಾರೆ. ದೊಡ್ಡ ಕಾಲೇಜು ಬಿಟ್ಟು ಸಣ್ಣ ಮಹಿಳಾ ಕಾಲೇಜಿಗೆ ಸೇರುವವರು ಅಪರೂಪ. ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಕೇಳಲು ನನಗೆ ಒಬ್ಬರೂ ಸಿಗಲಿಲ್ಲ.

ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. 2024ರಲ್ಲಿ ಬೇರೆ ಜಿಲ್ಲೆಯ ಶಹರದ ಹೆಸರುವಾಸಿ ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಂದಿ. ಪ್ರಾಯೋಗಿಕ ತರಗತಿಯಲ್ಲಿ ಒಂದೊಂದು ಬ್ಯುರೆಟ್ಟಿಗೆ, ಅಂದರೆ ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ನಲ್ಲಿಯಿರುವ ಗಾಜಿನ ಕೊಳವೆಗೆ, ಆರಾರು ಜನ. ಮುಂದೆ ಇಬ್ಬರು ಹುಡುಗರು ನಿಂತು ನಲ್ಲಿ ತಿರುಗಿಸುತ್ತಿದ್ದರು, ಅವರ ಹಿಂದೆ ಒಬ್ಬ ಅಂಕಿ ಕೂಗುತ್ತಿದ್ದ, ಅದರ ಹಿಂದೆ ನಾವು ಮೂವರು ಹುಡುಗಿಯರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಯಾರೂ ನಮ್ಮನ್ನು ತಡೆದಿರಲಿಲ್ಲ. ‘ಬಾ, ನೀನು ಮಾಡು’ ಎಂದೂ ಯಾರೂ ಅನ್ನಲಿಲ್ಲ, ‘ಸರಿಯಿರಿ, ನಾನು ಮಾಡುತ್ತೇನೆ’ ಎಂದು ನಾನೂ ಅನ್ನಲಿಲ್ಲ. ಎರಡು ಸೆಮಿಸ್ಟರ್ ಮುಗಿಯಿತು. ಪ್ರಾಯೋಗಿಕ ಪರೀಕ್ಷೆಯ ದಿನ ಮೊದಲ ಸಲ ಬ್ಯುರೆಟ್ ನನ್ನ ಕೈಗೆ ಬಂದಾಗ ನಲ್ಲಿಯನ್ನು ಯಾವ ಕಡೆಗೆ ತಿರುಗಿಸಬೇಕೆಂದೇ ಗೊತ್ತಾಗದೆ ಕ್ಷಾರವೆಲ್ಲ ಮೇಜಿನ ಮೇಲೆ ಸುರಿಯಿತು. ಹಾಗಿದ್ದೂ ಪಾಸಾದೆ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಆ ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ, ನಮ್ಮ ಹಳ್ಳಿಯಿಂದ ಮುಕ್ಕಾಲು ಗಂಟೆ ದೂರದ ಪಟ್ಟಣದಲ್ಲಿರುವ ಮಹಿಳಾ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಬಸ್ಸಿನಲ್ಲಿ ಸಿಕ್ಕಳು. “ನಮ್ಮ ಕ್ಲಾಸಿನಲ್ಲಿ ಒಂಬತ್ತು ಜನ” ಎಂದಳು, ಏನೋ ಕೊರತೆ ಹೇಳಿಕೊಳ್ಳುವ ದನಿಯಲ್ಲಿ. ಒಂಬತ್ತು ಜನಕ್ಕೆ ಎಷ್ಟು ಬ್ಯುರೆಟ್ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಒಬ್ಬರಿಗೆ ಒಂದು” ಎಂದಳು.

ಇದೇ ನನ್ನ ಕಾರಣ.

ಮನೆಯಲ್ಲಿ ಹೇಳಿದಾಗ ಅಪ್ಪ ಮೊದಲು ಕೇಳಿದ್ದು, “ಅಲ್ಲಿ ಏನಾದರೂ ಆಯಿತೇನವ್ವಾ?” ಅವ್ವ ಏನೂ ಕೇಳಲಿಲ್ಲ; ಎರಡು ದಿನ ನನ್ನ ಮುಖವನ್ನೇ ನೋಡುತ್ತಿದ್ದಳು. ಓಣಿಯವರಿಗೆ ಮಾತ್ರ ಅನುಮಾನವೇ ಇರಲಿಲ್ಲ. ಹುಡುಗಿಯನ್ನು ಶಹರದಿಂದ ಬಿಡಿಸಿ ಹೆಣ್ಣುಮಕ್ಕಳ ಕಾಲೇಜಿಗೆ ಹಾಕುತ್ತಿದ್ದಾರೆ ಎಂದರೆ ಹುಡುಗನ ವಿಷಯವೇ ಇರಬೇಕು. ಬಿಡಿಸುತ್ತಿರುವವಳು ನಾನೇ ಎಂದರೆ ಯಾರೂ ನಂಬಲಿಲ್ಲ. ಈ ದಾರಿ ಹಿಡಿಯುವವರು ಇದಕ್ಕೊಂದು ಉತ್ತರ ಸಿದ್ಧ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅಪ್ಪ ಕೊನೆಗೆ ಕಂಡುಕೊಂಡ ಉತ್ತರ: “ಅಲ್ಲಿ ಊಟ ಸರಿಹೋಗಲಿಲ್ಲ.” ಊಟದ ವಿಷಯ ಎಂದರೆ ನಮ್ಮ ಕಡೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ.

ಜೂನ್ ಎರಡನೆಯ ವಾರ ಹೊಸ ಕಾಲೇಜಿಗೆ ಹೋದೆ. ಪ್ರಾಚಾರ್ಯೆ ಮೇಡಂ ನನ್ನ ಅಂಕಪಟ್ಟಿ ನೋಡಿ, ಎರಡು ವಿಷಯ ಸ್ಪಷ್ಟಪಡಿಸಿದರು. ಒಂದು, ಬದಲಾವಣೆ ಬೆಸ ಸೆಮಿಸ್ಟರಿನ ಆರಂಭದಲ್ಲಿ ಮಾತ್ರ. ನನ್ನ ಮಟ್ಟಿಗೆ ಅದು ಮೂರನೆಯದು. ಎರಡು, ನಾನು ತೆಗೆದುಕೊಂಡ ಮೂರೂ ವಿಷಯಗಳು ಈ ಕಾಲೇಜಿನಲ್ಲಿ ಅದೇ ಜೋಡಣೆಯಲ್ಲಿ ಇರಬೇಕು. ಇಲ್ಲಿ ಬಿ.ಎಸ್ಸಿ.ಗೆ ಇರುವುದೇ ಎರಡು ಜೋಡಣೆ, ಅದರಲ್ಲಿ ಒಂದು ನನ್ನದು. ಸೂಕ್ಷ್ಮಜೀವಶಾಸ್ತ್ರ ಓದುತ್ತಿದ್ದ ನನ್ನ ಗೆಳತಿಯೂ ಬರಬೇಕೆಂದಿದ್ದಳು. ಅವಳ ದಾರಿ ಅಲ್ಲಿಗೇ ಮುಚ್ಚಿತು. ಸಣ್ಣ ಕಾಲೇಜಿಗೆ ಹೊರಡುವವರು ಬೇರೆಲ್ಲ ಯೋಚನೆಗಿಂತ ಮೊದಲು ಈ ಜೋಡಣೆಯನ್ನು ವಿಚಾರಿಸಿ. ಮತ್ತೊಂದು ಮಾತು. ಹಿರಿಯ ವಿದ್ಯಾರ್ಥಿಗಳು ಹೇಳುವುದನ್ನು ಪೂರ್ತಿ ನೆಚ್ಚಬೇಡಿ. 2024-25ರಲ್ಲಿ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಮಾದರಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆ ವರ್ಷ ಸೇರಿದ ನಮ್ಮದೇ ಮೊದಲ ತಂಡ. ನಮಗಿಂತ ಮೇಲಿನವರ ವಿಷಯಗಳ ಲೆಕ್ಕವೇ ಬೇರೆ. ಒಬ್ಬ ಅಕ್ಕ ತನ್ನ ಕಾಲದ ನಿಯಮ ಹೇಳಿ ನನ್ನನ್ನು ಎರಡು ದಿನ ಹೆದರಿಸಿದ್ದಳು.

ಮೇಡಂ ಸೀಟು ಇದೆ ಎಂದು ಬಾಯಿಮಾತಿನಲ್ಲಿ ಹೇಳಿದರು. ಆ ಖುಷಿಯಲ್ಲಿ ನಾನು ಮಾಡಿದ ಮೊದಲ ತಪ್ಪು, ತಪ್ಪು ವಿಶ್ವವಿದ್ಯಾಲಯದ ಅರ್ಜಿ ತುಂಬಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಣ್ಣ ನಮ್ಮದೇ ಜಿಲ್ಲೆಯಲ್ಲಿ ಓದಿದವನು. ಅವನ ಪದವಿ ಪತ್ರದ ಮೇಲೆ ಇರುವುದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹೆಸರು. ಆಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆ ಅದಕ್ಕೆ ಸೇರಿದ್ದವು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ಕಾಕಾನ ಮಗ ಈಗ ಅದರಲ್ಲಿದ್ದಾನೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂದಾಗ ಅವನು ಊಟ ಬಿಟ್ಟು ಕೂತಿದ್ದ. ನಾನೂ ಇದೇ ಜಿಲ್ಲೆಯ ಕಾಲೇಜಿಗೆ ಬರುತ್ತಿದ್ದೇನಲ್ಲ, ನನ್ನದೂ ಅದೇ ಇರಬೇಕು ಎಂದುಕೊಂಡೆ. ಅಲ್ಲ. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳಿಗಾಗಿ ವಿಜಯಪುರದಲ್ಲಿ 2003ರಲ್ಲೇ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು. ನಾನು ಸೇರಬೇಕಿದ್ದ ಕಾಲೇಜು ಅದರ ಸಂಯೋಜನೆಗೆ ಒಳಪಟ್ಟದ್ದು. ಒಂದೇ ಪಟ್ಟಣ, ಒಂದೇ ರಸ್ತೆ, ಎದುರುಬದುರು ಎರಡು ಕಾಲೇಜು. ವಿಶ್ವವಿದ್ಯಾಲಯ ಮಾತ್ರ ಬೇರೆ ಬೇರೆ. ನಮ್ಮ ಮನೆಯ ಟ್ರಂಕಿನಲ್ಲಿ ಈಗ ಮೂರು ವಿಶ್ವವಿದ್ಯಾಲಯಗಳ ಕಾಗದಗಳಿವೆ.

ಇದರಿಂದ ಏನಾಗುತ್ತದೆ ಎಂದರೆ, ಒಂದೇ ಊರಿನಲ್ಲಿ ಸಹಶಿಕ್ಷಣದ ಕಾಲೇಜಿನಿಂದ ಮಹಿಳಾ ಕಾಲೇಜಿಗೆ ರಸ್ತೆ ದಾಟಿದರೂ ನೀವು ವಿಶ್ವವಿದ್ಯಾಲಯ ದಾಟಿದ ಹಾಗೆ ಆಗಬಹುದು. ಒಂದೇ ವಿಶ್ವವಿದ್ಯಾಲಯದೊಳಗಿನ ಬದಲಾವಣೆಗೆ ಎರಡೂ ಕಾಲೇಜುಗಳ ಒಪ್ಪಿಗೆ, ವರ್ಗಾವಣೆ ಪತ್ರ, ವಿಶ್ವವಿದ್ಯಾಲಯದ ಅನುಮತಿ ಇದ್ದರೆ ಸಾಕು. ಹೊರಗಿನಿಂದ ಬಂದರೆ ಹಳೆಯ ವಿಶ್ವವಿದ್ಯಾಲಯ ಕೊಡುವ ಮೈಗ್ರೇಷನ್ (ವಲಸೆ) ಪ್ರಮಾಣಪತ್ರ ಬೇಕು, ಅರ್ಹತಾ ಪತ್ರ ಬೇಕು, ಎರಡೂ ಕಡೆಯ ಪಠ್ಯಕ್ರಮ ಹೋಲಿಸಿ ನೋಡಬೇಕು. ಹೋಗುವ ಕಾಲೇಜಿನ ಫಲಕದ ಮೇಲೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಸಂಯೋಜನೆಯ ಸಾಲನ್ನು ಮೊದಲು ಓದಿ. ನಾನು ಆ ಫಲಕದ ಕೆಳಗೇ ನಿಂತು ಬಸ್ಸಿಗೆ ಕಾದವಳು, ಓದಿರಲಿಲ್ಲ.

ಅಲ್ಲಿಂದ ಸುತ್ತು ಆರಂಭವಾಯಿತು. ಹೊಸ ಕಾಲೇಜಿನವರು ವರ್ಗಾವಣೆ ಪತ್ರ ತಂದರೆ ಪ್ರವೇಶ ಎಂದರು. ಹಳೆಯ ಕಾಲೇಜಿನವರು ಪ್ರವೇಶ ಕೊಡುತ್ತೇವೆಂಬ ಪತ್ರ ತಂದರೆ ವರ್ಗಾವಣೆ ಪತ್ರ ಎಂದರು. ಮೊಟ್ಟೆ ಮೊದಲೋ ಕೋಳಿ ಮೊದಲೋ ಎಂದು ಮೂರು ಸಲ ಓಡಾಡಿದೆ. ಈ ಗಂಟು ಬಿಚ್ಚುವ ಕಾಗದದ ಹೆಸರು ನಿರಾಕ್ಷೇಪಣಾ ಪತ್ರ. ಮೊದಲು ಹೊಸ ಕಾಲೇಜಿನಿಂದ ‘ಸೀಟು ಖಾಲಿ ಇದೆ, ಸೇರಿಸಿಕೊಳ್ಳಲು ನಮ್ಮ ಆಕ್ಷೇಪವಿಲ್ಲ’ ಎಂಬ ಪತ್ರವನ್ನು ಕಾಲೇಜಿನ ಶೀರ್ಷಿಕೆ ಇರುವ ಹಾಳೆಯ ಮೇಲೆ, ಸೀಲು ಮತ್ತು ಜಾವಕ ಸಂಖ್ಯೆಯೊಂದಿಗೆ (ಕಚೇರಿಯಿಂದ ಹೊರಹೋಗುವ ಪತ್ರಕ್ಕೆ ಹಾಕುವ ಸಂಖ್ಯೆ) ಪಡೆಯಿರಿ. ಅದನ್ನು ತೋರಿಸಿ ಹಳೆಯ ಕಾಲೇಜಿನಿಂದ ‘ಹೋಗಲು ಆಕ್ಷೇಪವಿಲ್ಲ’ ಎಂಬ ಪತ್ರ ಪಡೆಯಿರಿ. ಉಳಿದದ್ದೆಲ್ಲ ಇವೆರಡರ ಹಿಂದೆ ಬರುತ್ತದೆ. ಜಾವಕ ಸಂಖ್ಯೆ ಎಂದು ಒತ್ತಿ ಹೇಳಲು ಕಾರಣವಿದೆ: ನನ್ನ ಮೊದಲ ಪತ್ರದಲ್ಲಿ ಅದು ಇರಲಿಲ್ಲ, ಅದಕ್ಕಾಗಿಯೇ ಒಂದು ಸಲ ಹೋಗಿ ಬರಬೇಕಾಯಿತು.

ಹೋಗಿ ಬರುವುದು ಎಂದರೆ ಒಂದು ಕಡೆಗೆ ಮೂರು ಗಂಟೆ. ಮೊದಲೆರಡು ಸಲ ಅಪ್ಪ ಜೊತೆಗೆ ಬಂದರು. ನನ್ನದು ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್, ಅಪ್ಪನದು ಪೂರ್ತಿ ದರ, ಮೇಲೆ ಒಂದು ದಿನದ ಹೊಲದ ಕೆಲಸ ಹಾಳು. ಮೂರನೆಯ ಸಲ ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು, “ನೀನೇ ಹೋಗಿ ಬರುತ್ತೀಯೇನು?” ಎಂದರು. ಅಲ್ಲಿಂದ ಮುಂದಿನ ಹನ್ನೆರಡು ಪಯಣಗಳು ನನ್ನೊಬ್ಬಳವೇ. ಕಂಡಕ್ಟರ್ ಕೊಟ್ಟ ಆ ಟಿಕೆಟ್‌ಗಳನ್ನೆಲ್ಲ ಫೈಲಿನ ಹಿಂದಿನ ಜೇಬಿನಲ್ಲಿ ಇಟ್ಟಿದ್ದೇನೆ. ಯಾಕೆಂದು ಕೇಳಬೇಡಿ. ಒಂದು ಎಚ್ಚರಿಕೆ: ಆಧಾರ್ ಕಾರ್ಡಿನ ಮೂಲ ಪ್ರತಿಯನ್ನು ಕಚೇರಿಯ ಮೇಜಿನ ಮೇಲೆ ಮರೆತು ಬಂದರೆ ವಾಪಸ್ ಬರುವ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಬಹುದು. ನಾನು ಕೊಟ್ಟಿದ್ದೇನೆ.

ಹಳೆಯ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ಅರ್ಜಿ ಓದಿ, ‘ಕೌಟುಂಬಿಕ’ ಎಂಬ ಪದದ ಮೇಲೆ ಬೆರಳಿಟ್ಟರು. “ಏನಾಯಿತು ತಂಗಿ, ಏನಾದರೂ ಗಲಾಟೆಯೇ? ಮದುವೆಯೇ?” ಎರಡೂ ಅಲ್ಲ ಎಂದೆ. “ಹಾಗಾದರೆ ತಂದೆಯ ಅನಾರೋಗ್ಯ ಎಂದು ಬರೆ, ಬೇಗ ಆಗುತ್ತದೆ” ಎಂದು ಸಲಹೆ ಕೊಟ್ಟರು. ಬರೆಯಲು ಪೆನ್ನು ಎತ್ತಿದ್ದೆ. ಪಕ್ಕದ ಮೇಜಿನವರು, “ಹಾಗಿದ್ದರೆ ವೈದ್ಯರ ಪತ್ರ ಲಗತ್ತಿಸಬೇಕಾಗುತ್ತದೆ” ಎಂದರು. ಪೆನ್ನು ಕೆಳಗಿಟ್ಟೆ. ಗಟ್ಟಿಮುಟ್ಟಾಗಿ ಹೊಲದಲ್ಲಿ ನಿಂತಿರುವ ಅಪ್ಪನನ್ನು ಒಂದು ಸಾಲಿನ ಆಸೆಗೆ ರೋಗಿ ಮಾಡಲು ಹೊರಟಿದ್ದೆನಲ್ಲ ಎಂದು ಬಸ್ಸಿನಲ್ಲಿ ಕೂತಾಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಿಜವಾದ ತಡೆ ಬಂದದ್ದು ಹಣದ ರೂಪದಲ್ಲಿ. ನೀನು ಹೋದರೆ ಸೀಟು ಎರಡು ವರ್ಷ ಖಾಲಿ ಉಳಿಯುತ್ತದೆ, ಎರಡನೆಯ ವರ್ಷದ ಶುಲ್ಕ 28,000 ರೂಪಾಯಿ ಕಟ್ಟಿ ಹೋಗು ಎಂದರು. ಅಲ್ಲಿಯ ತನಕ ನನ್ನ ಹತ್ತನೆಯ ತರಗತಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿಗಳು ಅವರ ಬಳಿಯೇ. ನಾನು ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕೂತು ಅತ್ತೆ. ಇದನ್ನೂ ಬರೆಯಬೇಕು, ಯಾಕೆಂದರೆ ನೀವೂ ಅಳಬಹುದು. ಆಮೇಲೆ ಪಿಯುಸಿಯಲ್ಲಿ ನನಗೆ ಜೀವಶಾಸ್ತ್ರ ಕಲಿಸಿದ ಸರ್‌ಗೆ ಫೋನ್ ಮಾಡಿದೆ. ಶುಲ್ಕ ಮರುಪಾವತಿ ಮತ್ತು ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳದಿರುವ ಕುರಿತು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ಇದೆ, ಅದನ್ನು ಮುದ್ರಿಸಿಕೊಂಡು ಹೋಗು ಎಂದರು. ದಾಖಲೆಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕೇ ಹೊರತು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ನಾನು ಜಗಳವಾಡಲಿಲ್ಲ, ಆಡಲು ಬರುವುದೂ ಇಲ್ಲ. ಆ ಹಾಳೆಗಳ ಜೊತೆ ಒಂದು ಮನವಿ ಬರೆದು ಪ್ರಾಚಾರ್ಯರಿಗೆ ಕೊಟ್ಟು, ನನ್ನ ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಸೀಲು ಹಾಕಿಸಿಕೊಂಡೆ. ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ದಿನ ಫೋನ್ ಬಂತು: ಬಾಕಿ ಇಲ್ಲವೆಂಬ ಪ್ರಮಾಣಪತ್ರ ಮಾಡಿಸಿಕೊಂಡು ಬಾ. 28,000ದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಬಾಕಿ ಇಲ್ಲವೆಂಬ ಪ್ರಮಾಣಪತ್ರಕ್ಕೆ ಆರು ಸಹಿ. ಗ್ರಂಥಾಲಯ, ಕ್ರೀಡೆ, ಹಾಸ್ಟೆಲ್, ಮೂರು ಪ್ರಯೋಗಾಲಯ. ಗ್ರಂಥಾಲಯದಲ್ಲಿ 60 ರೂಪಾಯಿ ದಂಡ, ನ್ಯಾಯವಾದದ್ದೇ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕರು ದೊಡ್ಡ ಪುಸ್ತಕ ತೆರೆದು, ನಮ್ಮ ತಂಡದ ಹೆಸರಿನಲ್ಲಿ ಎರಡು ಬ್ಯುರೆಟ್, ಮೂರು ಪಿಪೆಟ್ ಒಡೆದಿವೆ, ನಿನ್ನ ಪಾಲು 340 ರೂಪಾಯಿ ಎಂದರು. ಎರಡು ಸೆಮಿಸ್ಟರ್‌ನಲ್ಲಿ ಮುಟ್ಟಲು ಸಿಗದ ಬ್ಯುರೆಟ್ಟಿನ ಒಡಕಿಗೆ ದಂಡ ಕಟ್ಟಿ ರಸೀದಿ ತೆಗೆದುಕೊಂಡೆ. ಅಳಬೇಕಾಗಿತ್ತು, ನಗು ಬಂತು. ಸಹಾಯಕರೂ ಕಾರಣ ತಿಳಿಯದೆ ಜೊತೆಗೆ ನಕ್ಕರು.

ವರ್ಗಾವಣೆ ಪತ್ರ ಕೈಗೆ ಬಂದದ್ದು ಆಗಸ್ಟ್‌ನಲ್ಲಿ. ಎರಡನೆಯ ಸೆಮಿಸ್ಟರ್ ಫಲಿತಾಂಶ ಬಂದ ಮೇಲೆಯೇ ಅದನ್ನು ಕೊಟ್ಟರು. ಫಲಿತಾಂಶ ಬಾರದೆ ಮುಂದಿನ ಹೆಜ್ಜೆ ಇಲ್ಲ. ಮೆಟ್ಟಿಲ ಮೇಲೆ ನಿಂತು ಪೂರ್ತಿ ಓದಿದೆ. ನಡತೆ: ಉತ್ತಮ. ಬಿಡಲು ಕಾರಣ: ಸ್ವಇಚ್ಛೆ. ಗುಮಾಸ್ತರು ಎಲ್ಲರಿಗೂ ಅದನ್ನೇ ಬರೆಯುತ್ತಾರಂತೆ. ನಾನು ನಾಲ್ಕು ಅರ್ಜಿಗಳಲ್ಲಿ ಬರೆಯಲಾಗದೆ ಒದ್ದಾಡಿದ್ದನ್ನು ಅವರು ರೂಢಿಯ ಕೈಯಲ್ಲಿ ಒಂದೇ ಪದದಲ್ಲಿ ಗೀಚಿದ್ದರು. ಮೂಲ ಪ್ರತಿಯನ್ನು ಎಲ್ಲಿಯೂ ಕೊಡುವ ಮೊದಲು ಹತ್ತು ಜೆರಾಕ್ಸ್ ಮಾಡಿಸಿ. ಕೊಟ್ಟ ಮೇಲೆ ಅದು ನಿಮ್ಮದಲ್ಲ.

ಮೈಗ್ರೇಷನ್ ಪ್ರಮಾಣಪತ್ರದ ಅರ್ಜಿಗೆ ಕೂತಾಗ ಹೆಸರಿನ ತೊಡಕು ಎದ್ದಿತು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇವೆ. ಆಧಾರ್‌ನಲ್ಲಿ ಅಪ್ಪನ ಹೆಸರು ಬರಿಯ ಒಂದು ಅಕ್ಷರ, ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಚ್’ ಹೆಚ್ಚು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಆ ‘ಎಚ್’ ಈಗ ಬಿತ್ತು. 100 ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ, ಈ ಎರಡೂ ಹೆಸರಿನವಳು ನಾನೊಬ್ಬಳೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿದೆ. ಟೈಪಿಂಗ್ ಮತ್ತು ನೋಟರಿಗೆ ಇನ್ನೂ 250. ಸಮಯ ಇದ್ದರೆ ಆಧಾರ್ ತಿದ್ದುಪಡಿಯನ್ನು ರಜೆಯಲ್ಲೇ ಮುಗಿಸಿಬಿಡಿ. ಪದವಿ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವೂ ಈಗ ರಾಜ್ಯದ ಯುಯುಸಿಎಂಎಸ್ ಜಾಲತಾಣದಲ್ಲೇ ನಡೆಯುತ್ತವೆ, ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ. ಹೆಸರು ಎಲ್ಲ ಕಡೆ ಒಂದೇ ಇರದಿದ್ದರೆ ಪ್ರತಿ ವರ್ಷವೂ ಇದೇ ಪಾಡು.

ಈ ನಡುವೆ ಹೊಸ ಕಾಲೇಜಿನಲ್ಲಿ ಪಾಠ ಶುರುವಾಗಿತ್ತು. ಅಧಿಕೃತವಾಗಿ ನಾನು ಯಾರೂ ಅಲ್ಲ. ಮೇಡಂ, “ಕಾಗದ ಬರುವವರೆಗೆ ಹಿಂದಿನ ಬೆಂಚಿನಲ್ಲಿ ಕೂಡು, ಆದರೆ ಒಂದು ಮನವಿ ಬರೆದುಕೊಡು” ಎಂದರು. ಆ ಮನವಿಯ ಮೇಲೆ ಅವರ ಸಹಿ ಇದ್ದುದರಿಂದಲೇ ಮುಂದೆ ಹಾಜರಾತಿಯ ಲೆಕ್ಕದಲ್ಲಿ ಆ ದಿನಗಳು ಸೇರಿದವು. ಸುಮ್ಮನೆ ಹೋಗಿ ಕೂರಬೇಡಿ, ಬರೆದುಕೊಟ್ಟು ಕೂರಿ.

ಸೆಪ್ಟೆಂಬರ್‌ನಲ್ಲಿ ವಿಜಯಪುರಕ್ಕೆ ಹೋದೆ. ಬಸ್ಸು ಕೊಲ್ಹಾರದ ಸೇತುವೆ ಹತ್ತಿದಾಗ ಎರಡೂ ಕಡೆ ಕೃಷ್ಣೆಯ ಹಿನ್ನೀರು, ದಡ ಕಾಣದಷ್ಟು. ಅಷ್ಟು ನೀರು ನೋಡಿ ಒಂದು ಗಳಿಗೆ ಫೈಲನ್ನೂ ಮರೆತೆ. ವಿಶ್ವವಿದ್ಯಾಲಯದ ಆವರಣ ಊರ ಹೊರಗೆ ತೊರವಿಯಲ್ಲಿ, ಅಥಣಿ ರಸ್ತೆಯ ಕಡೆ. ನನ್ನ ಜಾಣತನ ಅಲ್ಲಿ ಹೊರಬಿತ್ತು. ಫೈಲಿನಲ್ಲಿ ಎಲ್ಲ ಕಾಗದಗಳು ಒಟ್ಟಿಗೆ ಸೇರಿದಾಗ, ಹಳೆಯ ಕಾಲೇಜಿನ ಪತ್ರದಲ್ಲಿ ‘ಕೌಟುಂಬಿಕ’, ಹೊಸ ಕಾಲೇಜಿನ ಶಿಫಾರಸಿನಲ್ಲಿ ‘ಮನೆಗೆ ಹತ್ತಿರ’, ನನ್ನ ಅರ್ಜಿಯಲ್ಲಿ ‘ಆರ್ಥಿಕ’, ವರ್ಗಾವಣೆ ಪತ್ರದಲ್ಲಿ ‘ಸ್ವಇಚ್ಛೆ’. ಪರಿಶೀಲಿಸುತ್ತಿದ್ದ ಮೇಡಂ ನಾಲ್ಕನ್ನೂ ಸಾಲಾಗಿ ಮೇಜಿನ ಮೇಲೆ ಹರಡಿ, ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. “ಇದರಲ್ಲಿ ಯಾವುದಮ್ಮಾ ನಿಜ?”

ಹಿಂದೆ ಸಾಲು ಇತ್ತು. ಗಂಟಲು ಒಣಗಿತು. “ಮೇಡಂ, ಅಲ್ಲಿ ನನಗೆ ಬ್ಯುರೆಟ್ ಸಿಗುತ್ತಿರಲಿಲ್ಲ” ಎಂದೆ.

ಅವರು ನಗಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟು, ಹಾಗೆಂದು ಸ್ಪಷ್ಟವಾಗಿ ಬರೆದು, ಉಳಿದ ಪತ್ರಗಳಲ್ಲಿ ಕಾರಣ ಬೇರೆ ಬೇರೆ ಇರುವುದಕ್ಕೆ ವಿವರಣೆ ಸೇರಿಸಿ, ಪ್ರಾಚಾರ್ಯರ ಸಹಿ ಮಾಡಿಸಿ ಕಳಿಸು ಎಂದರು. ಎರಡು ಪುಟ ಬರೆದೆ. ಆ ಸಹಿ, ಆ ಅಂಚೆ, ನಡುವಿನ ರಜೆಗಳು ಸೇರಿ ಹನ್ನೊಂದು ದಿನ ಹೋಯಿತು. ಮೊದಲ ಅರ್ಜಿಯಲ್ಲೇ ಇದನ್ನು ಬರೆದಿದ್ದರೆ ಈ ಹನ್ನೊಂದು ದಿನ ಉಳಿಯುತ್ತಿತ್ತು. ನಿಮ್ಮ ಕಾರಣ ಏನೇ ಇರಲಿ, ಏಳೂ ಕಡೆ ಒಂದೇ ಬರೆಯಿರಿ. ಮೊದಲನೆಯದರ ಪ್ರತಿ ಇಟ್ಟುಕೊಂಡು ಉಳಿದವನ್ನು ಅದನ್ನು ನೋಡಿಯೇ ತುಂಬಿ. ವಾಪಸ್ ಬರುವಾಗ ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ಫೈಲಿನಿಂದ ದೂರ ಹಿಡಿಯುವುದೇ ಒಂದು ಕೆಲಸವಾಯಿತು.

ಪಠ್ಯಕ್ರಮ ಹೋಲಿಸಿದಾಗ ವಿಷಯಗಳೆಲ್ಲ ಹೊಂದಿದವು. ಪರಿಸರ ಅಧ್ಯಯನ ಒಂದು ಮಾತ್ರ ನನ್ನ ಹಳೆಯ ಕಡೆ ಮುಂದಿನ ಸೆಮಿಸ್ಟರಿಗೆ ಇತ್ತು, ಇಲ್ಲಿ ಆಗಲೇ ಮುಗಿದಿತ್ತು. ಅದನ್ನು ನಾನು ಪ್ರತ್ಯೇಕವಾಗಿ ಬರೆಯಬೇಕು. ಇಂಥ ವ್ಯತ್ಯಾಸದ ಪತ್ರಿಕೆಗಳು ಎರಡು ಮೂರು ಬಂದರೆ ಹೊರೆ ದೊಡ್ಡದು, ಆದ್ದರಿಂದ ಎರಡೂ ಕಡೆಯ ಪಠ್ಯಕ್ರಮವನ್ನು ಮೊದಲೇ ಪಕ್ಕಪಕ್ಕ ಇಟ್ಟು ನೋಡಿ. ಜಾಲತಾಣದಲ್ಲಿ ಹಳೆಯ ಕಾಲೇಜಿನ ಪಟ್ಟಿಯಿಂದ ನನ್ನ ಹೆಸರು ಬಿಡುಗಡೆಯಾಗಲು ಮತ್ತೆ ಒಂದು ವಾರ, ನಾಲ್ಕು ಫೋನ್. ಗಳಿಸಿದ ಕ್ರೆಡಿಟ್‌ಗಳ ಲೆಕ್ಕಕ್ಕಾಗಿ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಸಂಖ್ಯೆ ಕೇಳುತ್ತಾರೆ. ಡಿಜಿಲಾಕರ್‌ನಲ್ಲಿ ಮಾಡಿಸಿಟ್ಟುಕೊಂಡದ್ದು ಅದೇ ಸಾಕು, ಹೊಸದು ಬೇಡ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ‘ಆರ್‌ಡಿ’ ಸಂಖ್ಯೆಗಳನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಆದಾಯದ್ದರ ಅವಧಿ ಮುಗಿದಿದೆಯೇ ನೋಡಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹೊಸ ಕಾಲೇಜು, ಹೊಸ ನೋಂದಣಿ ಸಂಖ್ಯೆ ಬರುವವರೆಗೆ ಆತುರಪಡಬೇಡಿ. ಹಳೆಯದರಲ್ಲಿ ಸಲ್ಲಿಸಿದರೆ ತಿದ್ದಿಸುವುದು ಕಷ್ಟ.

ಖರ್ಚು ಕೇಳುವವರಿಗೆ ನನ್ನ ಡೈರಿಯ ಲೆಕ್ಕ. ಹಳೆಯ ಕಾಲೇಜಿನಲ್ಲಿ ದಂಡ, ಒಡಕು, ಪತ್ರಗಳ ಶುಲ್ಕ ಸೇರಿ 1,100. ಪ್ರಮಾಣಪತ್ರ, ನೋಟರಿ 350. ಎರಡೂ ವಿಶ್ವವಿದ್ಯಾಲಯಗಳಿಗೆ ಕಟ್ಟಿದ್ದು ಒಟ್ಟು 3,150. ಜೆರಾಕ್ಸ್, ಫೋಟೋ, ಅಂಚೆ 420. ಅಪ್ಪನ ಬಸ್ಸು, ಇಬ್ಬರ ಊಟ, ನಾನು ಆಧಾರ್ ಮರೆತ ದಿನದ ಟಿಕೆಟ್ 780. ಒಟ್ಟು 5,800. ಹೊಸ ಕಾಲೇಜಿನ ವರ್ಷದ ಶುಲ್ಕ ಇದರ ಹೊರಗೆ. ಹಳೆಯ ಹಾಸ್ಟೆಲ್ಲಿನ ಠೇವಣಿ 5,000ದಲ್ಲಿ ಸುಣ್ಣ ಬಣ್ಣ ಎಂದು 1,000 ಮುರಿದು ಎರಡು ತಿಂಗಳ ಮೇಲೆ ಕೊಟ್ಟರು. ಕಳೆದ ವರ್ಷ ಊಟ ವಸತಿಗೆ ಹೋಗುತ್ತಿದ್ದ ದುಡ್ಡಿನ ಮುಂದೆ ಇದು ದೊಡ್ಡದಲ್ಲ ಎಂದು ಅಪ್ಪ ಹೇಳುತ್ತಾರೆ, ಆದರೆ ಡೈರಿಯನ್ನು ಎರಡು ಸಲ ಓದಿದರು.

ಸಣ್ಣ ಕಾಲೇಜು ಎಂದರೆ ಎಲ್ಲವೂ ಸಕ್ಕರೆ ಅಲ್ಲ. ಪ್ರಾಣಿಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು. ಅವರ ನೇಮಕ ತಡವಾಗಿ ಮೊದಲ ತಿಂಗಳು ಆ ಪಾಠವೇ ಇರಲಿಲ್ಲ. ಗ್ರಂಥಾಲಯ ನಾಲ್ಕಕ್ಕೆ ಮುಚ್ಚುತ್ತದೆ. ಒಂಬತ್ತು ಜನರಲ್ಲಿ ಒಬ್ಬಳು ತಪ್ಪಿಸಿಕೊಂಡರೂ ಎದ್ದು ಕಾಣುತ್ತದೆ, ಮನೆಗೆ ಫೋನ್ ಹೋಗುತ್ತದೆ. ಮೊಬೈಲ್ ಗೇಟಿನಲ್ಲೇ ಕೊಡಬೇಕು. ಇದಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹುಡುಗರ ಕಾಲೇಜಿನಲ್ಲಿ ಹೀಗೆ ಮಾಡುತ್ತಾರೆಯೇ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ನಡುವೆ ಬಂದವಳು ಎಂದು ಮೊದಲ ಹದಿನೈದು ದಿನ ಉಳಿದ ಹುಡುಗಿಯರೂ ನನ್ನ ಬಗ್ಗೆ ಓಣಿಯವರ ಹಾಗೆಯೇ ಯೋಚಿಸಿದ್ದರಂತೆ. ಈಗ ನಗುತ್ತಾ ಹೇಳುತ್ತಾರೆ.

ಪ್ರವೇಶ ಅಧಿಕೃತವಾದ ಮೂರನೆಯ ದಿನ ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿ ಇತ್ತು. ಸ್ಟ್ಯಾಂಡಿಗೆ ನನ್ನ ಹೆಸರಿನ ಚೀಟಿ ಅಂಟಿಸಿದ್ದರು. ಬ್ಯುರೆಟ್ ಹಳೆಯದು, ನಲ್ಲಿ ಸ್ವಲ್ಪ ಸೋರುತ್ತಿತ್ತು. ಮೇಡಂ ವ್ಯಾಸಲೀನ್ ಹಚ್ಚಿ ತಿರುಗಿಸುವುದನ್ನು ತೋರಿಸಿದರು. ಆಮ್ಲಕ್ಕೆ ಬ್ಯುರೆಟ್ಟಿನ ಕ್ಷಾರ ಬಿಡುತ್ತಾ, ತಿಳಿ ಗುಲಾಬಿ ಬಣ್ಣ ಬಂದೊಡನೆ ನಿಲ್ಲಿಸಿ ಅಳತೆ ನೋಡಬೇಕು. ಮೊದಲ ಸಲ ಬಣ್ಣ ಕಡು ಗುಲಾಬಿಯಾಗಿಹೋಯಿತು, 10.6 ಮಿ.ಲೀ. ಎರಡನೆಯ ಸಲ 9.9. “ಕೈ ಸಡಿಲ ಬಿಡು, ಕೊನೆಯಲ್ಲಿ ಒಂದೊಂದೇ ಹನಿ” ಎಂದರು. ಮೂರನೆಯದು 9.7, ನಾಲ್ಕನೆಯದೂ 9.7, ಬಿಳಿ ಟೈಲ್ಸಿನ ಮೇಲೆ ಇಟ್ಟು ನೋಡಿದರೆ ಮಾತ್ರ ಕಾಣುವಷ್ಟು ತಿಳಿ ಬಣ್ಣ. ಬರೆದುಕೊಳ್ಳಲು ತಿರುಗಿದರೆ ನೋಟ್‌ಬುಕ್ ಬ್ಯಾಗಿನಲ್ಲೇ ಉಳಿದಿತ್ತು. ಅಂಗೈ ಮೇಲೆ ಬರೆದುಕೊಂಡೆ.

ಪರಿಸರ ಅಧ್ಯಯನದ ಪುಸ್ತಕ ಇನ್ನೂ ಸಿಕ್ಕಿಲ್ಲ. ಹಳೆಯ ಪ್ರತಿ ಯಾರ ಬಳಿಯಾದರೂ ಇದ್ದರೆ ಬೇಕಾಗಿದೆ.